ಮಹಡಿಗೆ ಒಯ್ದ ಮಾತು

ಜೂನ್ ೨, ಸೋಮವಾರ. ಬೆಳಿಗ್ಗೆ ೭.೩೦
ಎಂದಿನಂತೆ ಮಹಡಿಗೆ ನಾಲ್ಕು ಬಾರಿ ಹತ್ತಿ ಇಳಿದೆ. ತಾಯಿ ಮಗಳು ಮಾತು ಬಿಟ್ಟು ಇಂದಿಗೆ ಹನ್ನೊಂದು ದಿನ. ಕೆಳಗಿನಿಂದ ನನ್ನ ಹೆಂಡತಿ: "ನಿಮ್ಮ ಮಗಳಿಗೆ ಹೇಳಿ, ಟವೆಲ್ ಒಣಗಿಸೋ ಜಾಗ ಕುರ್ಚಿ ಅಲ್ಲ ಅಂತ." ಮೇಲಿನಿಂದ ಮಗಳು: "ನಿಮ್ಮ ಹೆಂಡ್ತಿಗೆ ಹೇಳಿ ಅಪ್ಪಾ, ಇಣುಕೋ ಚಾಳಿ ಬಿಡು ಅಂತ."

ಮೂವತ್ತೆರಡು ವರ್ಷ ಶಾಲೆಯ ಮಕ್ಕಳ ಪ್ರಬಂಧ ತಿದ್ದಿದ ಕೈ ನನ್ನದು. ಕಟುವಾದುದನ್ನು ತೆಗೆದು, ಅಗತ್ಯವಾದುದನ್ನಷ್ಟೇ ತಲುಪಿಸುತ್ತೇನೆ.

ಜಗಳದ ಮೂಲ — ಮಗಳ ಬೀರುವಿನಲ್ಲಿ ನನ್ನ ಹೆಂಡತಿಗೆ ಸಿಕ್ಕ ಸ್ಕ್ಯಾನ್ ರಿಪೋರ್ಟು. ಮಗಳ ಕೊರಳಲ್ಲಿ ಗಡ್ಡೆ. ಮುಚ್ಚಿಟ್ಟಳೆಂದು ಇವಳ ಕೋಪ. ಬೀರು ತೆಗೆದಳೆಂದು ಅವಳ ಕೋಪ. ಶುಕ್ರವಾರ ಆಪರೇಷನ್. ದನಿ ಹೋದರೂ ಹೋಗಬಹುದೆಂದಿದ್ದಾರೆ ಡಾಕ್ಟರು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳ ವೇಳೆ ಹೇಳುವುದು ಅವಳ ಕೆಲಸ.

ಜೂನ್ ೪, ಬುಧವಾರ. ಸಂಜೆ
ಮಗಳು ಮಹಡಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ: "ಆಸ್ಪತ್ರೆಗೆ ಬರ್ತಾಳಾ ಕೇಳಿ. ಬಂದ್ರೆ ಡಾಕ್ಟರಿಗೇ ಪಾಠ ಹೇಳ್ಬಾರ್ದು. ಬಾಯಿ ಮುಚ್ಕೊಂಡು ನನ್ನ ಪಕ್ಕ ಕೂತಿರ್ಬೇಕು, ಅಷ್ಟೇ."

ತಾಯಿಗೆ ಆಡುವ ಮಾತೇ? ತಿದ್ದಿ ಕೆಳಗೆ ಒಯ್ದೆ: "ಆಸ್ಪತ್ರೆಗೆ ಬರುವೆಯಾ ಎಂದು ವಿಚಾರಿಸಿದಳು."

"ವಿಚಾರಿಸಿದ್ಲಾ? ನೆಂಟರನ್ನ ಕೇಳ್ದಂಗೆ! ಬರಲ್ಲ ಅನ್ನಿ. ಆ ಕತ್ತೆ ತಾನೇ ಕೆಳಗಿಳಿದು ಬಂದು ಕರೀಲಿ, ಆಮೇಲೆ ನೋಡೋಣ."

ಉತ್ತರಾರ್ಧ ಅನಗತ್ಯವೆನಿಸಿತು. "ಬರುವುದಿಲ್ಲವಂತೆ" ಎಂದಷ್ಟೇ ತಿಳಿಸಿದೆ. ಮಗಳು ಕೋಣೆಗೆ ಹೋದಳು. ಧಡಾರನೆ ಬಾಗಿಲು ಹಾಕುವವಳು, ಮೆಲ್ಲಗೆ ಹಾಕಿಕೊಂಡಳು.

ಜೂನ್ ೬, ಶುಕ್ರವಾರ. ಬೆಳಿಗ್ಗೆ ೮
ಮಗಳು ಆರಕ್ಕೇ ಒಬ್ಬಳೇ ಹೊರಟುಹೋಗಿದ್ದಾಳೆ. ಇವಳು ನಿನ್ನೆಯಿಡೀ ಮೆಟ್ಟಿಲ ಬುಡದಲ್ಲೇ ಕುಳಿತಿದ್ದಳು — ಮಂಡಿನೋವೆಂದು ತಿಳಿದಿದ್ದೆ!

"ಕರೀಲೇ ಇಲ್ವಲ್ರೀ..."

ನಿಜ ಹೇಳಿದೆ. ಎರಡೂ ಕಡೆಯ ಮಾತು, ಒಂದಕ್ಷರ ಬಿಡದೆ. ಬಾಯಿ ಮುಚ್ಚಿಕೊಂಡು ಕೂರುವ ಮಾತು ಬಂದಾಗ ನಕ್ಕಳು. ನಗುತ್ತಲೇ ಅತ್ತಳು.

"ಅವಳು ಕರೆದಿದ್ದೇ ಅದು ಕಣ್ರೀ. ನಾವಿಬ್ರೂ ಕರೆಯೋದೇ ಹಂಗೆ. ನೀವ್ಯಾಕೆ ಅದನ್ನ ತೊಳೆದು ಕೊಟ್ರಿ, ಮೇಷ್ಟ್ರೇ?"

ಮದುವೆಯಾದಂದಿನಿಂದ ಇವಳು ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು.

೧೦.೧೫. ಆಸ್ಪತ್ರೆ
ನಾವು ಮುಟ್ಟುವಷ್ಟರಲ್ಲಿ ಒಳಗೆ ಕರೆದೊಯ್ದಿದ್ದರು. ಫಾರಮ್ಮಿನಲ್ಲಿ "ಜೊತೆಗೆ ಬಂದವರು" ಎಂಬಲ್ಲಿ ಮಗಳು ಗೀಟೆಳೆದಿದ್ದಾಳೆ. ಇವಳು ನರ್ಸಿನ ಪೆನ್ನು ಕಸಿದು ಅದರ ಮೇಲೆಯೇ ಬರೆದಳು — ತಾಯಿ.

ಸಂಜೆ ೪
ಗಡ್ಡೆ ತೆಗೆದಿದ್ದಾರಂತೆ. ದನಿಯ ವಿಷಯ ಅವಳು ಮಾತಾಡಿದ ಮೇಲೆಯೇ ತಿಳಿಯುವುದಂತೆ. ಒಬ್ಬರಿಗಷ್ಟೇ ಪ್ರವೇಶ, ಇವಳು ಹೋದಳು. ನಾನು ಬಾಗಿಲ ಬಳಿ. ಅರ್ಧ ತೆರೆದಿದೆ.

"ಅಮ್ಮ ಕಣೇ. ಬೈಯೇ ನನ್ನ. ಒಂದ್ಸಲ ಬೈದುಬಿಡು, ಕೇಳಿಸ್ಕೋತೀನಿ..."

ಮಗಳ ತುಟಿ ಅಲುಗುತ್ತಿದೆ. ಇಲ್ಲಿಗೆ ಏನೂ ಕೇಳಿಸುತ್ತಿಲ್ಲ. ಇವಳು ಬಗ್ಗಿ, ಕಿವಿಯನ್ನು ಅವಳ ಬಾಯಿಯ ಹತ್ತಿರ—