ಕಾಮಾ, ಫುಲ್‌ಸ್ಟಾಪ್ ಸಮೇತ

ಆಗಸ್ಟ್ 4, ಸೋಮವಾರ
ಚಹಾ ಇವತ್ತೂ ಹೆಚ್ಚಾಯಿತು. ಹೆಂಡತಿ ಖಾಜಾಬೀ ತೀರಿಹೋಗಿ ಮೂರು ವರ್ಷ. ಕೈಗೆ ಇನ್ನೂ ಇಬ್ಬರ ಅಳತೆ.

ಮೊಮ್ಮಗಳು ಮುಬಾಶಿರಾ ಕಾಲೇಜಿನಿಂದ ಬಂದವಳೇ ಬ್ಯಾಗ್ ಒಗೆದಳು. "ನಾನಾ, ಹಿಸ್ಟರಿ ಸರ್‌ದು ಪಾಠ ಅಲ್ಲ, ಡಿಕ್ಟೇಶನ್. ಕಾಮಾ, ಫುಲ್‌ಸ್ಟಾಪ್ ಸೈತ ಹೇಳ್ತಾರ."
"ಹೆಸರೇನ ಬೇಟಿ?"
"ವಿರೂಪಾಕ್ಷಪ್ಪ. ರಿಟೈರ್ ಆದಮ್ಯಾಲೂ ನಮ್ಮಲ್ಲಿ ಬರ್ತಾರ."

ಇನ್ನೂ ಇದ್ದಾನೆ...

1985. ಕೊಪ್ಪಳ. ಬಿ.ಎ. ಎರಡನೇ ವರ್ಷ. "ಎನಿ ಡೌಟ್ಸ್?" ಅಂದ. ಎದ್ದು ನಿಂತೆ. "ಸರ್, ನಿಮ್ಮ ಊರು ಡ್ಯಾಮಿನಾಗ ಮುಳುಗೇತಂತ. ಅದರ ಬಗ್ಗೆ ಹೇಳ್ರಿ."
"ಔಟ್ ಆಫ್ ಸಿಲಬಸ್. ಗೆಟ್ ಔಟ್."
ಕ್ಲಾಸೆಲ್ಲ ನಕ್ಕಿತು. ಮತ್ತೆ ಹೋಗಲಿಲ್ಲ. ಡಿಗ್ರಿ ಅಲ್ಲಿಗೇ ನಿಂತಿತು. ಕಲಿತ ಇಂಗ್ಲಿಷ್ ಅರ್ಧ ಮರೆತೆ. ಆ ಗೆಟ್ ಔಟ್ ಮಾತ್ರ ಮರೆತಿಲ್ಲ.

ಆಗಸ್ಟ್ 5
ಟ್ರಂಕಿನಿಂದ ಖಾಜಾಬೀಯ ನೋಟ್‌ಬುಕ್ ತೆಗೆದೆ. ಅವಳದೂ ಅದೇ ಕ್ಲಾಸು, ಮುಂದಿನ ಬೆಂಚು. ಮೊಮ್ಮಗಳ ನೋಟ್ಸ್ ಪಕ್ಕದಲ್ಲಿಟ್ಟು ಓದಿದೆ. ಅಕ್ಷರಕ್ಕೆ ಅಕ್ಷರ ಅದೇ. ನಲವತ್ತು ವರ್ಷದಲ್ಲಿ ಒಂದು ಕಾಮಾ ಕದಲಿಲ್ಲ. ದೇರ್‌ಫೋರ್... ವಿಚ್ ಈಸ್ ಟು ಬಿ... ಪ್ರಮೇಯ ಸಾಧಿಸಿದ ಮೇಲೆ ಕೊನೆಗೆ ಬರೆಯುತ್ತಿದ್ದೆವಲ್ಲ, ಏನೋ ಇತ್ತು. ಇರಲಿ. ಸಿಕ್ಕಿಬಿದ್ದ.

ಆಗಸ್ಟ್ 8
ಖಾಜಾಬೀಯ ನೋಟ್‌ಬುಕ್ಕಿನದು ಐವತ್ತು ಸೆಟ್ ಝೆರಾಕ್ಸ್. ಅಂಗಡಿಯ ವೆಂಕೋಬ ನಕ್ಕ. "ಏನ್ರಿ ಚಾಚಾ, ಈ ವಯಸ್ಸಿನಾಗ ಪರೀಕ್ಷಾ ಕಟ್ಟೀರೇನು?"
"ಕಟ್ಟಿಲ್ಲಪಾ. ಒಬ್ಬಾತಗ ಇಡಾಕತ್ತೇನಿ."

ಆಗಸ್ಟ್ 19
ಮುಬಾಶಿರಾ ಎಲ್ಲರಿಗೂ ಹಂಚಿದ್ದಳು. ಇವತ್ತು ಯಾರೂ ಪೆನ್ನು ಮುಟ್ಟಲಿಲ್ಲವಂತೆ. ಅವನು ಒಂದು ವಾಕ್ಯ ಶುರು ಮಾಡಿದರೆ ಹುಡುಗರೇ ಮುಗಿಸಿದರಂತೆ, ಕಾಮಾ ಸಮೇತ. ಮುದುಕ ನೋಟ್‌ಬುಕ್ ಮುಚ್ಚಿದನಂತೆ.

"ಅತ್ತನೇನು?" ಅಂದೆ. ಅಳಲಿ ಎಂದೇ ಕೇಳಿದ್ದು.
"ಇಲ್ಲ ನಾನಾ. ಕುರ್ಚಿ ಮುಂದಕ ಎಳಕೊಂಡು ಕುಂತ್ರು. ಡ್ಯಾಮಿನಾಗ ಮುಳುಗಿದ ಅವರೂರಿನ ಕಥಿ ಹೇಳಿದ್ರು. ಬ್ಯಾಸಿಗ್ಯಾಗ ನೀರು ಇಳಿದ್ರ ಅವರವ್ವ ಹೋಗಿ ಹಳೇ ಮನಿ ಹೊಸ್ತಲಾ ತೊಳದು ಬರ್ತಿದ್ಲಂತ. ಗಂಟಿ ಹೊಡದ್ರೂ ಒಬ್ಬರೂ ಏಳಲಿಲ್ಲ. ನಾಳೆನೂ ಹೇಳ್ತಾರಂತ."

ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಅದು ನನ್ನ ಪ್ರಶ್ನೆ. ಆ ಉತ್ತರ ನನಗೆ ಸೇರಬೇಕಾದದ್ದು. ನಾನೇ ಝೆರಾಕ್ಸ್ ಮಾಡಿಸಿ ಅವನನ್ನು ಛಲೋ ಮಾಸ್ತರನನ್ನಾಗಿ ಮಾಡಿದೆ.

ಆಗಸ್ಟ್ 20, ಬೆಳಿಗ್ಗೆ 9.10
ಇಸ್ತ್ರಿ ಅಂಗಿ ಹಾಕಿದೆ. ಬಾಗಿಲಲ್ಲಿ ಮುಬಾಶಿರಾ. "ಬ್ಯಾಡ ನಾನಾ. ಅಲ್ಲಿ ಬಂದು ಏನ್ ಮಾಡ್ತೀರಿ?"
"ಡೌಟ್ ಐತಿ."

ಎರಡನೇ ಪೀರಿಯಡ್. ಕೊನೆಯ ಬೆಂಚು. ಎಲ್ಲರೆದುರೇ ಎದ್ದು ನಿಲ್ಲುತ್ತೇನೆ. ಆವತ್ತು ಯಾಕೆ ಹೊರಗೆ ಹಾಕಿದಿರಿ ಎಂದು ಕೇಳುತ್ತೇನೆ. ಬೆವರಬೇಕು ಅವನು.

ಆ ಹೊಸ್ತಿಲು ಕಲ್ಲಿನದೋ, ಕಟ್ಟಿಗೆಯದೋ? ಅಷ್ಟು ವರ್ಷ ನೀರಿನೊಳಗೆ... ಹುಡುಗರು ಕೇಳಿಯೇ ಇಲ್ಲ. ಮೊದಲು ಅದನ್ನು ಕೇಳಿ, ಆಮೇಲೆ