ಹೊರ್ತಿಗೆ ಹೋಗುವುದು ತಪ್ಪಿತು

೩೧ ಅಕ್ಟೋಬರ್ ೨೦೨೫, ಶುಕ್ರವಾರ
ಸಿಂದಗಿ

ನಾಳೆ ಹೊರ್ತಿಗೆ ಹೋಗಬೇಕಿಲ್ಲ. ಬರೆದು ನೋಡಿದರೇ ನಂಬಿಕೆ ಬರುತ್ತದೆ.

ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿಲ್ಲವೆಂದು ಅತ್ತೆ ಆ ಊರಿನ ಒಬ್ಬ ಮಂತ್ರವಾದಿಯ ಹತ್ತಿರ ಪೂಜೆ ಗೊತ್ತುಮಾಡಿದ್ದರು. ನನ್ನ ಕೂದಲು ಕತ್ತರಿಸಿ ಬೆಂಕಿಗೆ ಹಾಕುತ್ತಾನಂತೆ. ವಾರದಿಂದ ಹೆದರಿಕೆಗೆ ಊಟವೇ ಸೇರುತ್ತಿರಲಿಲ್ಲ. ಇವರೋ, "ಅವ್ವನ ಸಮಾಧಾನಕ್ಕ ಒಮ್ಮೆ ಹೋಗಿ ಬಾ" ಎಂದು ಕೈತೊಳೆದುಕೊಂಡಿದ್ದರು.

ಸಂಜೆ ನಾದಿನಿ ಪಲ್ಲವಿ ಬಂದು, "ವೈನಿ, ಇವತ್ತ ಹ್ಯಾಲೋವೀನ್ ಐತಿ, ಫಾರಿನ್ ಮಂದಿ ದೆವ್ವದ ಹಬ್ಬ. ಮಾಟ-ಮಂತ್ರದ್ದು ಒಂದು ಛಲೋ ಸಿನಿಮಾ ಹೇಳ್ರಿ" ಎಂದಳು. ಇಂಥವನ್ನು ನಾನು ಬಹಳ ನೋಡಿದ್ದೇನೆ. ಕೊರಿಯಾದ್ದೊಂದು ಹೇಳಿದೆ, ಥಾಯ್ಲೆಂಡಿನದೊಂದು ಹೇಳಿದೆ. ಆಮೇಲೆ, ಮನೆಯವರೇ ಸೊಸೆಯನ್ನು ಅರಿಸಿನದ ಮಂಡಲದಲ್ಲಿ ಕೂರಿಸುವ ಒಂದು ತಮಿಳು ಚಿತ್ರ ನೆನಪಾಯಿತು. ಬೇಕೆಂದೇ ಅದನ್ನು ಹಾಕಿಸಿದೆ.

ಶೇಂಗಾ ಸುಲಿಯುತ್ತ ಅತ್ತೆಯೂ ಬಂದು ಕುಳಿತರು. ಚಿತ್ರದ ಸೊಸೆ ಚೀರಿದಾಗ ಅವರ ಕೈ ನಿಂತಿತು.

"ಮನಿ ಮಂದೆಲ್ಲಾ ನೋಡಕೋತ ನಿಂತಾರಲ್ಲ, ಆ ಹುಡುಗಿಗಿ ಯಾರೂ ಇಲ್ಲೇನು?"

ನಾನು ಜಡೆಯನ್ನು ಮುಂದಕ್ಕೆಳೆದು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅತ್ತೆ ನನ್ನ ಮುಖವನ್ನೇ ನೋಡಿದರು. ನಂತರ ಮಗನನ್ನು ಕರೆದರು.

"ಕಲ್ಮೇಶಾ, ಹೊರ್ತಿಗಿ ಯಾರೂ ಹೋಗೂದು ಬ್ಯಾಡ. ಇಬ್ಬರೂ ವಿಜಯಪುರಕ್ಕ ಡಾಕ್ಟರ ಕಡೆ ಹೋಗಿ ತೋರಿಸಿಕೊಳ್ರಿ. ಇಬ್ಬರೂ ಅಂದೆ, ತಿಳೀತಿಲ್ಲೋ?"

ಇವರು ತಲೆ ತಗ್ಗಿಸಿ "ಹೂಂ" ಎಂದರು.

ಈಗ ಅತ್ತೆ ಪಲ್ಲವಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು, "ಲೈಟ್ ಆರಿಸಬ್ಯಾಡ" ಎನ್ನುತ್ತಿದ್ದಾರೆ. ನನಗೆ ಮಾತ್ರ ಒಂದಿಷ್ಟೂ ಹೆದರಿಕೆಯಿಲ್ಲ. ಹಸಿವಾಗುತ್ತಿದೆ. ಬುಟ್ಟಿಯಲ್ಲಿ ರೊಟ್ಟಿ ಉಳಿದಿರಬೇಕು, ಎದ್ದು ನೋಡುತ್ತೇನೆ.