ಪಿಳ್ಳಮ್ಮಜ್ಜಿಯ ತಟ್ಟೆಗೆ ಕಷಾಯ ಹುಯ್ದವರು

ತಂಪುಗೇರಿ, ನೆಲದ ಕೆಳಗೆ
ಎರಡನೇ ಆಷಾಢದ ಮೂವತ್ತೈದನೇ ತಾರೀಖು

ನನ್ನ ಮುತ್ತಜ್ಜಿಯ ಮುತ್ತಜ್ಜಿ ಪಿಳ್ಳಮ್ಮನವರಿಗೆ ಸುಗುಣ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲಿನ ತಿಂಗಳುಗಳು ಉದ್ದವಾದ ಮೇಲೆ ನಮ್ಮವರು ಪಂಚಾಂಗವನ್ನೂ ಎಳೆದು ಉದ್ದ ಮಾಡಿದ್ದಾರೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಶಾಲಾಪುಸ್ತಕಗಳಿಂದ ಕಲಿತವಳು. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟು ಮಾತ್ರ ನನ್ನದೇ, ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಾವೀಗ ಹಳೆಯ ಚಿನ್ನದ ಗಣಿಯೊಳಗೆ ಇದ್ದೇವೆ. ಮೇಲೆ ನಿಂತರೆ ಚರ್ಮ ಸುಲಿಯುವಷ್ಟು ಬಿಸಿಲು. ಗಣಿಯ ಮೇಲ್ಮಟ್ಟದ ಸುರಂಗಗಳೇ ನಮಗೆ ಬೀದಿಗಳು, ಅವನ್ನು ತಂಪುಗೇರಿ ಎನ್ನುತ್ತೇವೆ. ಗೋಡೆಯ ತೇವದಲ್ಲಿ ಅಣಬೆ ಬೆಳೆಯುತ್ತೇವೆ. ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗಿ ರಾಗಿ ಕೊಯ್ದು ತರುತ್ತೇವೆ. ಮುದ್ದೆ, ಅಣಬೆ ಹುಳಿ, ಮತ್ತೆ ಮುದ್ದೆ, ಮತ್ತೆ ಅಣಬೆ ಹುಳಿ. ಸೂರ್ಯ ಕಾಣದ ಕಡೆ ಬೆಳಗಾಯಿತೆಂದು ತಿಳಿಯಲು ಏನಾದರೂ ಬೇಕಲ್ಲ? ಅದಕ್ಕೆ ನಿಮ್ಮ ಜೋಗುಳವಿದೆ. ಮೊಮ್ಮಗನ ನಾಮಕರಣಕ್ಕೆಂದು ನೀವು ಹಾಡಿ, ಒಂದೇ ಬದಿಗೆ ಅಚ್ಚು ಹಾಕಿಸಿದ ಆ ಗ್ರಾಮಫೋನ್ ರೆಕಾರ್ಡು. ನಾವು ಅದನ್ನು ತಟ್ಟೆ ಎನ್ನುತ್ತೇವೆ. ದಿನಾ ಬೆಳಗಿನ ದೀಪ ಹಚ್ಚಿದ ಕೂಡಲೇ ಒಮ್ಮೆ ತಿರುಗಿಸುತ್ತೇವೆ. ಕೇರಿಯಲ್ಲಿ ಮಗು ಹುಟ್ಟಿದರೆ ತಟ್ಟೆಯ ಹಾಡು ಕೇಳಿಸಿದ ಮೇಲೆಯೇ ಅದಕ್ಕೆ ಹೆಸರು. ಇಲ್ಲಿಯವರೆಗೆ ಚೆಂದವೇ.

ನನ್ನ ಸೊಸೆ ಮೇದಿನಿ ಹೆರಿಗೆಗೆ ಪಕ್ಕದ ಗಣಿಯ ತವರಿಗೆ ಹೋಗಿ, ಬಾಣಂತನ ಮುಗಿಸಿಕೊಂಡು ಹೆಣ್ಣುಮಗುವಿನ ಜೊತೆ ಬಂದಳು. ನಾಮಕರಣಕ್ಕೆ ಎಲ್ಲರೂ ಸೇರಿದ್ದರು. ತಟ್ಟೆ ತಿರುಗಿದ್ದೇ ತಡ, ಪಾಪ, ಅವಳು ಇದ್ದದ್ದನ್ನು ಇದ್ದ ಹಾಗೆ ಅಂದುಬಿಟ್ಟಳು: “ಅತ್ತೆ, ಅಜ್ಜಿ ಗಂಟ್ಲು ಯಾಕೆ ಹಿಂಗ್ ಕಟ್ಕೊಂಡದೆ? ನಾನು ಹೋಗೋವಾಗ ಹಿಂಗಿರ್ಲಿಲ್ಲ.”

ದಿನಾ ಕೇಳುವ ಕಿವಿಗೆ ದಿನದಿನದ ವ್ಯತ್ಯಾಸ ತಿಳಿಯುವುದಿಲ್ಲ. ಎಷ್ಟೋ ತಿಂಗಳು ಕೇಳದೆ ಬಂದವಳಿಗೆ ತಿಳಿಯಿತು. ಅವಳು ಹೇಳಿದ ಮೇಲೆ ಎಲ್ಲರಿಗೂ ಕೇಳಿಸತೊಡಗಿತು. ನಿಮ್ಮ ದನಿ ಇಳಿದು, ಎಳೆದು, ನರಳಿದಂತೆ ಬರುತ್ತಿತ್ತು. ಕೇರಿಯ ಯಜಮಾನ ಕೋದಂಡಯ್ಯ ಕಣ್ಣು ಮುಚ್ಚಿ ತೀರ್ಪು ಕೊಟ್ಟೇಬಿಟ್ಟ: “ಈ ಮಗೀನ ನೋಡಿ ಅಜ್ಜಿ ಮುನಿಸ್ಕೊಂಡವ್ಳೆ. ದನಿ ಸರಿಹೋಗೋಗಂಟ ಇದಕ್ಕೆ ಹೆಸರಿಲ್ಲ.” ಹೇಳಿದವಳ ತಲೆಗೇ ಕಟ್ಟಿದರು ನೋಡಿ.

ಮುಂದಿನದನ್ನು ಕೇಳಿ. ಗಂಟಲು ಕಟ್ಟಿದರೆ ಏನು ಮಾಡುತ್ತಾರೆ? ಮೆಣಸಿನ ಕಷಾಯ ಕುಡಿಸುತ್ತಾರೆ, ಬೆಚ್ಚಗೆ ಎಣ್ಣೆ ಸವರುತ್ತಾರೆ. ಇವರು ಅದನ್ನೇ ತಟ್ಟೆಗೆ ಮಾಡಿದರು. ಬೆಲ್ಲ ಹಾಕಿದ ಕಷಾಯವನ್ನು ಭಕ್ತಿಯಿಂದ ಅದರ ಮೇಲೆ ಹುಯ್ದರು, ಹುಳಿ ಮೆತ್ತಿದ ಕೈಯಲ್ಲೇ ಎಣ್ಣೆ ತಿಕ್ಕಿದರು, ಮೇಲೆ ಕುಂಕುಮ. ಇರುವೆ ಮುತ್ತಿತು. ಥೂ! ತಟ್ಟೆಯ ಗೆರೆಗಳ ಮೇಲೆ ಓಡಿ ಹಾಡು ಹೊರಡಿಸುವ ಮುಳ್ಳಿನ ತುದಿಯಲ್ಲಿ ಕೂದಲು, ಮಸಿ, ಬೆಲ್ಲ ಸೇರಿ ಮೂಗಿನ ಸಿಂಬಳದಂಥ ಉಂಡೆಯೊಂದು ನೇತಾಡುತ್ತಿತ್ತು. ಅದನ್ನು ಕಿತ್ತು ತೆಗೆದವಳು ನಾನೇ. ಆ ದಿನ ನನಗೆ ಊಟ ಸೇರಲಿಲ್ಲ.

ಇದರಲ್ಲಿ ಮುನಿಸೂ ಇಲ್ಲ, ಮಹಿಮೆಯೂ ಇಲ್ಲ. ತಟ್ಟೆ ತಿರುಗಿಸುವ ರಬ್ಬರ್ ಬೆಲ್ಟು ಸಡಿಲವಾಗಿತ್ತು, ಅದಕ್ಕೇ ದನಿ ಇಳಿದು ಎಳೆಯುತ್ತಿತ್ತು. ಹಳೆಯ ಪಂಪಿನ ರಬ್ಬರು ಕತ್ತರಿಸಿ ಹೊಸ ಬೆಲ್ಟು ಹಾಕಿದೆ, ತಟ್ಟೆ ತೊಳೆದೆ. ಎಳೆತ ನಿಂತಿತು. ಆದರೆ ತಲೆಮಾರುಗಳಿಂದ ಅದೇ ಒಂದು ಮುಳ್ಳು ಸವೆದು ಮೊಂಡಾಗಿ, ಗೆರೆಗಳನ್ನೇ ಕೆರೆದುಹಾಕಿದೆ. ಹಾಡಿನ ಮೇಲೆ ಸರಸರ ಸದ್ದು ಉಳಿದೇಬಿಟ್ಟಿತು, ಅದು ಇನ್ನು ಹೋಗುವುದಿಲ್ಲ. ಅದಕ್ಕೆ ನನಗೆ ಅಳು ಬಂತು. ಕೋದಂಡಯ್ಯ ಕಿವಿಗೆ ಕೈ ಅಡ್ಡ ಹಿಡಿದು ಕೇಳಿ, ಅಜ್ಜಿಯ ಸಿಟ್ಟು ಇನ್ನೂ ಇಳಿದಿಲ್ಲ ಎಂದ. ಪಕ್ಕದಲ್ಲಿ ನಿಂತು ಹೆಂಡತಿ ಕೂಗಿದರೂ ಕೇಳಿಸದ ಕಿವಿ ಅದು! ಅರ್ಧ ದೋಷ ಅವನ ಕಿವಿಯದೇ. ಬೆಲ್ಟು, ಮುಳ್ಳು ಎಲ್ಲವನ್ನೂ ಬಿಡಿಸಿ ತೋರಿಸಿದೆ. ಹಿರಿಯರೆಲ್ಲ ಒಂದೇ ಬಾಯಿಯಲ್ಲಿ, “ನೀನ್ಯಾವಳೇ ಹೇಳಾಕೆ? ತಟ್ಟೆ ಹೇಳ್ಲಿ, ಕೇಳ್ತೀವಿ” ಎಂದರು.

ಈಗ ಮಗು ಅಂಬೆಗಾಲಿಡುತ್ತಿದೆ. ಕೇರಿಯವರು ಅದನ್ನು “ಏಯ್” ಎಂದು ಕರೆಯುತ್ತಾರೆ, ಬೆಕ್ಕನ್ನು ಕರೆದ ಹಾಗೆ. ಅದು ನಗುತ್ತಾ ತಿರುಗಿ ನೋಡುತ್ತದೆ. ಮೇದಿನಿ ಬೆಳಗಿನ ಹಾಡಿನ ಹೊತ್ತಿಗೆ ಹೊರಗೇ ಬರುವುದಿಲ್ಲ.

ಅಜ್ಜಿ, ನೀವಿನ್ನೂ ಬದುಕಿರುವ ಕಾಲಕ್ಕೆ ಈ ಕಾಗದ ಕಳಿಸುತ್ತಿದ್ದೇನೆ. ತಟ್ಟೆಯ ಹಿಂಬದಿಯನ್ನು ನೀವು ಖಾಲಿ ಬಿಟ್ಟಿದ್ದೀರಿ. ದಯವಿಟ್ಟು ಇನ್ನೊಮ್ಮೆ ಹೋಗಿ, ನಿಮ್ಮ ಬಾಯಲ್ಲೇ ನಾಲ್ಕು ಮಾತು ಅಚ್ಚು ಹಾಕಿಸಿ. ನೀವು ದೇವರಲ್ಲ, ಮೊಮ್ಮಗನಿಗೆ ಹಾಡಿದ ಹೆಂಗಸು ಎಂದು ಹೇಳಿ. ಎಣ್ಣೆ ಹಚ್ಚಬೇಡಿ, ಮುಳ್ಳು ಬದಲಾಯಿಸಿ ಎಂದು ಗದರಿಸಿ. ಹಾಡು ಕೇಳಿಸಲಿ ಬಿಡಲಿ, ಮಗುವಿಗೆ ಹೆಸರಿಡಿ ಎನ್ನಿ. ಬೈದರೂ ಪರವಾಗಿಲ್ಲ, ಇವರಿಗೆ ಅದೇ ಸರಿ.

ಕಾಗದ ನಿಮಗೆ ತಲುಪಿ, ನೀವು ಹಾಗೆ ಅಚ್ಚು ಹಾಕಿಸಿದ್ದರೆ ಇಲ್ಲಿ ನಮ್ಮ ತಟ್ಟೆಯ ಹಿಂಬದಿಯಲ್ಲೂ ಗೆರೆ ಮೂಡಿರಬೇಕು. ದಿನಾ ದೀಪ ಹಚ್ಚುವ ಮೊದಲು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ, ತಟ್ಟೆ ಮಗುಚಿ, ಅದರ ಬೆರಳಿಂದಲೇ ಸವರಿಸಿ ನೋಡುತ್ತೇನೆ. ಇವತ್ತೂ ನುಣ್ಣಗೇ ಇತ್ತು.

ನಿಮ್ಮ,
ಸುಗುಣ